ಲಾ ಡಿಗ್ರಿಗೆ ಪಾಸ್‌ಪೋರ್ಟ್ ಇರೋದಿಲ್ಲ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ಸಾಕು, ಬೆಂಗಳೂರಿನ ದೊಡ್ಡ ದೊಡ್ಡ ಹೋಟೆಲ್‌ಗಳಲ್ಲಿ ಫಾರಿನ್ ಯೂನಿವರ್ಸಿಟಿಗಳ ಮೇಳ ಶುರು. ಮೊದಲೆಲ್ಲ ಎಂಜಿನಿಯರಿಂಗ್, ಎಂಬಿಎ ಅಷ್ಟೇ. ಈಗ ಇನ್ನೊಂದು ಹೆಸರು ಸೇರಿಕೊಂಡಿದೆ. ಲಾ ಮತ್ತು ಇಂಟರ್‌ನ್ಯಾಷನಲ್ ಸ್ಟಡೀಸ್, ಎರಡೂ ಒಟ್ಟಿಗೆ. ಒಂದೇ ಅಡ್ಮಿಷನ್, ಎರಡು ಪದವಿ. ಹೆಸರು ಕೇಳಿದ ಕೂಡಲೇ ಮಗಳು ವಿಶ್ವಸಂಸ್ಥೆಯಲ್ಲಿ ಮೈಕ್ ಮುಂದೆ ಕೂತಿರೋ ಚಿತ್ರ ಅಪ್ಪನ ಕಣ್ಮುಂದೆ ಬರುತ್ತೆ. ಬರಲಿ, ತಪ್ಪೇನಿಲ್ಲ. ಆದರೆ ಇರೋ ಒಂದು ಸೈಟನ್ನು ಅಡವಿಡೋಕೆ ಮುಂಚೆ, ಈ ಪದವಿ ಎಲ್ಲಿ ಚಲಾವಣೆ ಆಗುತ್ತೆ, ಎಲ್ಲಿ ಆಗಲ್ಲ ಅನ್ನೋದನ್ನ ತಿಳ್ಕೊಳ್ಳಬೇಕಲ್ವಾ?

ಆಸ್ಟ್ರೇಲಿಯಾವನ್ನೇ ತಗೊಳ್ಳೋಣ. ಅಲ್ಲಿ ಕಾನೂನನ್ನು ಇನ್ನೊಂದು ವಿಷಯದ ಜೊತೆ ಸೇರಿಸಿ ಓದೋದು ತೀರಾ ಮಾಮೂಲು. ಸಾಮಾನ್ಯವಾಗಿ ಐದು ವರ್ಷ, ಕೆಲವು ಕಡೆ ಅದಕ್ಕಿಂತ ಹೆಚ್ಚು. ಕಾನೂನಿನ ಭಾಗದಲ್ಲಿ ಚೌಕಾಸಿ ಇಲ್ಲ. ನ್ಯಾಯಮೂರ್ತಿ ಪ್ರೀಸ್ಟ್ಲಿ ಅವರ ಸಮಿತಿ 1992ರಲ್ಲಿ ಪಟ್ಟಿ ಮಾಡಿದ ಹನ್ನೊಂದು ವಿಷಯಗಳನ್ನು ಓದಲೇಬೇಕು. ಕ್ರಿಮಿನಲ್ ಲಾ, ಕರಾರು, ಆಸ್ತಿ, ಸಂವಿಧಾನ, ಸಾಕ್ಷ್ಯ, ಕಂಪನಿ ಕಾನೂನು ಹೀಗೆ. ‘ಪ್ರೀಸ್ಟ್ಲಿ ಇಲೆವೆನ್’ ಅಂತಾನೇ ಅದಕ್ಕೆ ಹೆಸರು, ಒಳ್ಳೇ ಕ್ರಿಕೆಟ್ ಟೀಮ್ ಥರ! ಇನ್ನೊಂದು ಭಾಗದಲ್ಲಿ ಜಾಗತಿಕ ರಾಜಕಾರಣ, ಇತಿಹಾಸ, ಆರ್ಥಿಕತೆ, ಜೊತೆಗೆ ಹಲವು ಕಡೆ ಒಂದು ವಿದೇಶಿ ಭಾಷೆ. ಸಿಡ್ನಿಯ ಯುಟಿಎಸ್‌ನಲ್ಲಂತೂ ಆ ಭಾಷೆ ಆಡೋ ದೇಶಕ್ಕೇ ಹೋಗಿ ಒಂದು ವರ್ಷ ಓದೋದು ಈ ಕೋರ್ಸಿನ ಹೆಗ್ಗುರುತು. ಜಪಾನೀಸ್ ತಗೊಂಡವರು ಜಪಾನಿಗೆ, ಸ್ಪ್ಯಾನಿಷ್ ತಗೊಂಡವರು ಸ್ಪ್ಯಾನಿಷ್ ಮಾತಾಡೋ ನಾಡಿಗೆ.

ಸರಿ, ಇವೆರಡನ್ನೂ ಯಾಕೆ ಒಟ್ಟಿಗೆ ಓದಬೇಕು? ನಮಗೆಲ್ಲ ಗೊತ್ತಿರೋ ಒಂದು ಕೇಸ್ ನೋಡಿ. ಕುಲಭೂಷಣ್ ಜಾಧವ್ ಅವರನ್ನು 2016ರಲ್ಲಿ ಪಾಕಿಸ್ತಾನ ಬಂಧಿಸ್ತು. 2017ರ ಏಪ್ರಿಲ್‌ನಲ್ಲಿ ಅಲ್ಲಿನ ಮಿಲಿಟರಿ ಕೋರ್ಟ್ ಗಲ್ಲು ಶಿಕ್ಷೆ ಕೊಡ್ತು. ಭಾರತ ನೇರವಾಗಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು. ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸಿಗೆ ವಾದ ಮಾಡಿದ್ರು ಅನ್ನೋದು ಎಲ್ಲರಿಗೂ ನೆನಪಿದೆ. ವಾದ ಏನು ಮಾಡಿದ್ರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ಜಾಧವ್ ಗೂಢಚಾರನೋ ಅಲ್ಲವೋ ಅನ್ನೋದು ಅಲ್ಲಿ ತೀರ್ಮಾನ ಆಗಬೇಕಿದ್ದ ಪ್ರಶ್ನೆಯೇ ಅಲ್ಲ. ಯಾಕಂದ್ರೆ ಆ ಕೋರ್ಟಿಗೆ ಎರಡು ದೇಶಗಳನ್ನು ಸುಮ್ಮನೆ ಕರೆಸಿ ಕೂರಿಸೋ ಅಧಿಕಾರ ಇಲ್ಲ. ಎರಡೂ ದೇಶ ಒಪ್ಪಿರೋ ಒಂದು ಬಾಗಿಲು ಬೇಕು. ಆ ಬಾಗಿಲು 1963ರ ವಿಯೆನ್ನಾ ಒಪ್ಪಂದ. ಹೊರದೇಶದವನನ್ನು ಬಂಧಿಸಿದರೆ ಅವನ ದೇಶದ ರಾಯಭಾರ ಸಿಬ್ಬಂದಿಗೆ ಭೇಟಿಯಾಗಲು ಬಿಡಬೇಕು ಅನ್ನುತ್ತೆ ಅದರ 36ನೇ ವಿಧಿ. ಪಾಕಿಸ್ತಾನ ಬಿಟ್ಟಿರಲಿಲ್ಲ. ನಮ್ಮಿಬ್ಬರ ನಡುವೆ 2008ರದ್ದು ಬೇರೆ ಒಪ್ಪಂದ ಇದೆಯಲ್ಲ ಅಂತ ಅವರು ವಾದಿಸಿದರು, ನಡೀಲಿಲ್ಲ. 2019ರ ಜುಲೈ 17ರಂದು ತೀರ್ಪು ಬಂತು. 36ನೇ ವಿಧಿ ಉಲ್ಲಂಘನೆ ಆಗಿದೆ, ಶಿಕ್ಷೆಯನ್ನು ಮರುಪರಿಶೀಲಿಸಿ ಅಂತ ಹೇಳ್ತು. ಬಿಡುಗಡೆ ಮಾಡಿ ಅಂತ ಮಾತ್ರ ಹೇಳಲಿಲ್ಲ.

ಇಲ್ಲೇ ಇರೋದು ನೋಡಿ ಎರಡೂ ಓದೋದರ ಸ್ವಾರಸ್ಯ. ಬರೀ ಕಾನೂನು ಓದಿದವನು ‘ಗೆದ್ವಿ’ ಅಂತಾನೆ. ಬರೀ ರಾಜಕಾರಣ ಓದಿದವನು ‘ಏನು ಪ್ರಯೋಜನ, ಮನುಷ್ಯ ಮನೆಗೆ ಬರಲಿಲ್ಲವಲ್ಲ’ ಅಂತಾನೆ. ಕೋರ್ಟಿನ ಆದೇಶ ಎಲ್ಲಿಗೆ ನಿಲ್ಲುತ್ತೆ, ಅಲ್ಲಿಂದ ಮುಂದೆ ದೇಶ ದೇಶಗಳ ನಡುವಿನ ಒತ್ತಡ ಎಲ್ಲಿ ಶುರುವಾಗುತ್ತೆ ಅನ್ನೋ ಗೆರೆ ಕಾಣಬೇಕಾದರೆ ಎರಡೂ ಗೊತ್ತಿರಬೇಕು.

ಇದೆಲ್ಲ ಹೇಗ್‌ನಲ್ಲಿ ನಡೆಯೋದು, ನಮಗೇನು ಅನ್ನಬೇಡಿ. ನಮ್ಮ ಕಾವೇರಿ ಕೇಸಿನಲ್ಲಿ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಿತಲ್ಲ, ಆ ತೀರ್ಪಿನಲ್ಲಿ 1966ರ ಹೆಲ್ಸಿಂಕಿ ನಿಯಮಗಳ ಚರ್ಚೆ ಇದೆ. ದೇಶಗಳ ನಡುವೆ ಹರಿಯೋ ನದಿಗಳಿಗೆ ಅಂತ ವಿದ್ವಾಂಸರ ಸಂಘವೊಂದು ಬರೆದಿಟ್ಟ ಸೂತ್ರ ಮಂಡ್ಯದ ನಾಲೆ ನೀರಿನ ಲೆಕ್ಕಕ್ಕೂ ಬಂತು.

ಇಷ್ಟು ಕೇಳಿದ ಮೇಲೆ ಕೋರ್ಸ್ ಚೆನ್ನಾಗಿದೆ ಅನ್ನಿಸುತ್ತೆ. ಚೆನ್ನಾಗಿಯೇ ಇದೆ. ತೊಡಕು ಇರೋದು ಲೈಸೆನ್ಸ್‌ನಲ್ಲಿ. ಮೆಷಿನ್‌ಗೆ ದೇಶ ಇಲ್ಲ, ಕಾನೂನಿಗೆ ಇದೆ. ಸಿಡ್ನಿಯಲ್ಲಿ ಪದವಿ ಮುಗಿದ ತಕ್ಷಣ ಅಲ್ಲೂ ಲಾಯರ್ ಆಗಲ್ಲ. ಪ್ರಾಕ್ಟಿಕಲ್ ಲೀಗಲ್ ಟ್ರೈನಿಂಗ್ ಮುಗಿಸಿ ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಪ್ರವೇಶ ಪಡೀಬೇಕು. ಅಷ್ಟು ಮಾಡಿಕೊಂಡು ಊರಿಗೆ ಬಂದರೆ? ಧಾರವಾಡದ ಸಿವಿಲ್ ಕೋರ್ಟಿನಲ್ಲಿ ಒಂದು ಅರ್ಜಿ ಹಾಕೋಕೂ ಅದು ಸಾಲದು.

1961ರ ಅಡ್ವೊಕೇಟ್ಸ್ ಆ್ಯಕ್ಟ್ ಪ್ರಕಾರ ವಿದೇಶಿ ಲಾ ಪದವಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇರಬೇಕು. ಅದಿದ್ದರೂ ನಮ್ಮ ಸಂವಿಧಾನ, ನಮ್ಮ ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ ಇಂಥವುಗಳ ಅರ್ಹತಾ ಪರೀಕ್ಷೆ ಪಾಸಾಗಬೇಕು. ಆಮೇಲೆ ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ. ಆಮೇಲೆ ಇಲ್ಲಿನ ಎಲ್ಲ ಹೊಸ ವಕೀಲರೂ ಬರೆಯೋ ಆಲ್ ಇಂಡಿಯಾ ಬಾರ್ ಎಕ್ಸಾಮ್. ಹುಡುಗಿ ಅಲ್ಲಿ ಹನ್ನೊಂದು ವಿಷಯ ಓದಿದ್ದು ವ್ಯರ್ಥ ಅಂತಲ್ಲ, ಆದರೆ ಅಲ್ಲಿನ ಸಂವಿಧಾನ ಇಲ್ಲಿ ಉಪಯೋಗಕ್ಕೆ ಬರಲ್ಲವಲ್ಲ!

ಒಂದು ಸಮಾಧಾನದ ಮಾತಿದೆ. ಭಾರತದ ನಿಯಮದಲ್ಲಿ ವಕೀಲನಾಗೋಕೆ ಎರಡೇ ದಾರಿ. ಪಿಯುಸಿ ನಂತರ ಐದು ವರ್ಷದ ಸಂಯುಕ್ತ ಪದವಿ, ಇಲ್ಲವೇ ಮೊದಲು ಒಂದು ಪದವಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಇಂಗ್ಲೆಂಡಿಗೆ ಹೋಗಿ ಪಿಯುಸಿ ಆದ ಮೇಲೆ ನೇರವಾಗಿ ಮೂರೇ ವರ್ಷದ ಎಲ್‌ಎಲ್‌ಬಿ ಮುಗಿಸಿಕೊಂಡು ಬಂದವರು ಈ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡು ಎರಡು ವರ್ಷದ ಬ್ರಿಡ್ಜ್ ಕೋರ್ಸ್ ಕಡೆ ನೋಡಬೇಕಾಗುತ್ತೆ. ಐದು ವರ್ಷದ ಜೋಡಿ ಪದವಿ ಆ ಮಟ್ಟಿಗೆ ವಾಸಿ. ಆದರೂ ಆ ಯೂನಿವರ್ಸಿಟಿಯ ಹೆಸರು ಬಾರ್ ಕೌನ್ಸಿಲ್ ಪಟ್ಟಿಯಲ್ಲಿ ಇದೆಯಾ ಅಂತ ಫೀಸ್ ಕಟ್ಟೋಕೆ ಮುಂಚೆ ನೀವೇ ನೋಡಿ. ಏಜೆಂಟ್ ಹೇಳಿದ ಅಂತ ನಂಬಬೇಡಿ.

ದುಡ್ಡಿನ ವಿಷಯ. ಅಲ್ಲಿನ ಹೆಸರಾಂತ ವಿವಿಗಳಲ್ಲಿ ವಿದೇಶಿ ವಿದ್ಯಾರ್ಥಿಯ ಫೀಸ್ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತೆ. ಡಾಲರ್‌ಗೆ 55 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 22 ಲಕ್ಷ, ಐದು ವರ್ಷಕ್ಕೆ ಒಂದು ಕೋಟಿ ಹತ್ತು ಲಕ್ಷ. ಊಟ, ಬಾಡಿಗೆ ಬೇರೆ. ಅಲ್ಲೇ ನೆಲೆಸಿ, ಅಲ್ಲೇ ವಕೀಲಿಕೆ ಮಾಡ್ತೀನಿ ಅನ್ನೋ ಮಗುವಿಗೆ ಇದು ಅರ್ಥವಿರೋ ಖರ್ಚು. ದೊಡ್ಡ ಕಂಪನಿಗಳಿಗೆ ಗಡಿಯಾಚೆಗಿನ ಸಲಹೆ, ಮಧ್ಯಸ್ಥಿಕೆ ಕೆಲಸ ಮಾಡ್ತೀನಿ ಅಂದರೂ ಸರಿ. ವಾಪಸ್ ಬಂದು ಹೈಕೋರ್ಟಿನಲ್ಲಿ ಕರಿಕೋಟು ಹಾಕ್ತೀನಿ ಅಂದರೆ ಸುತ್ತು ದಾರಿ. ಇನ್ನು ವಿದೇಶಾಂಗ ಸೇವೆಗೆ, ಐಎಫ್ಎಸ್‌ಗೆ ಅಂತಾನೇ ಇದನ್ನು ಓದಿಸ್ತೀನಿ ಅನ್ನೋರು ದಯವಿಟ್ಟು ನಿಲ್ಲಿ. ಅದಕ್ಕೆ ಬೇಕಾದ್ದು ಯುಪಿಎಸ್‌ಸಿ ಪರೀಕ್ಷೆ, ಯಾವ ಪದವಿಯಾದರೂ ನಡೆಯುತ್ತೆ.

ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಕೇಂಬ್ರಿಡ್ಜ್‌ನಲ್ಲಿ ಓದಿದ್ದು ಗಣಿತ. ಆಮೇಲೆ ಐಸಿಎಸ್, ಜಡ್ಜ್ ಕೆಲಸ, ಸಂವಿಧಾನ ಸಭೆಗೆ ಸಲಹೆಗಾರ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದವರು ಅವರೇ. 1952ರಲ್ಲಿ ಹೇಗ್‌ನ ನ್ಯಾಯಾಧೀಶರಾದರು. ಆ ಕಾಲ ಬೇರೆ, ಒಪ್ಪಿದೆ. ಈಗ ಆ ಮೆಟ್ಟಿಲು ಹತ್ತೋಕೆ ಹೆಚ್ಚಿನವರು ಸ್ನಾತಕೋತ್ತರ ಪದವಿ ಮಾಡಿಯೇ ಹೋಗ್ತಾರೆ.

ಹಾಗಿದ್ದರೆ ಒಂದು ಕೋಟಿ ಇಲ್ಲದವರ ಮಕ್ಕಳು? ಬೆಂಗಳೂರಿನ ನಾಗರಭಾವಿಯಲ್ಲೇ ನ್ಯಾಷನಲ್ ಲಾ ಸ್ಕೂಲ್ ಇದೆ. ಐದು ವರ್ಷದ ಬಿಎ ಎಲ್‌ಎಲ್‌ಬಿ, ಸೇರಲು ಕ್ಲಾಟ್ ಪರೀಕ್ಷೆ. ಅಂತಾರಾಷ್ಟ್ರೀಯ ಕಾನೂನಿನ ಅಣಕು ವಾದದಲ್ಲಿ ಜೆಸಪ್ ಅಂತ ಜಗತ್ತಿನ ದೊಡ್ಡ ಸ್ಪರ್ಧೆ ಒಂದಿದೆ. ಅದನ್ನು ಈ ಕಾಲೇಜಿನ ಹುಡುಗರು 1999ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಗೆದ್ದು ತಂದರು. ಇಲ್ಲಿ ಓದಿ, ಇಲ್ಲಿನ ಸನ್ನದು ಕೈಯಲ್ಲಿ ಇಟ್ಟುಕೊಂಡು, ಆಮೇಲೆ ಬೇಕಾದರೆ ಹೊರದೇಶಕ್ಕೆ ಒಂದು ವರ್ಷದ ಎಲ್‌ಎಲ್‌ಎಂಗೆ ಹೋಗಬಹುದು. ಆಗ ಫೀಸ್ ಕಟ್ಟೋದು ಐದು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ.