ಮೋಟಾರು ಷೆಡ್ಡಿಗೆ ಮಿತವ್ಯಯದ ಬಣ್ಣ

ಹಬ್ಬ ಹತ್ತಿರವಾದೊಡನೆ ಮನೆಯ ಮುಂಭಾಗಕ್ಕೂ ನಡುಮನೆಗೂ ದೇವರ ಕೋಣೆಗೂ ಸುಣ್ಣಬಣ್ಣದ ಭಾಗ್ಯ ಒದಗುತ್ತದೆ. ಆದರೆ ಕಾರು, ಸ್ಕೂಟರು, ಮಕ್ಕಳ ಸೈಕಲ್ಲು, ಹಳೆಯ ತೊಟ್ಟಿಲು, ಕಾಲು ಮುರಿದ ಕುರ್ಚಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅಂಗಳದ ಮೂಲೆಯಲ್ಲಿ ನಿಂತ ಮೋಟಾರು ಷೆಡ್ಡಿನ ಸರದಿ ಬರುವ ಹೊತ್ತಿಗೆ ಗೃಹಸ್ಥನ ಕೈಚೀಲ ಬರಿದಾಗಿರುತ್ತದೆ. ಮನೆಗೆ ಬಳಿದು ಮಿಕ್ಕ ಬಣ್ಣವನ್ನೇ ಅದಕ್ಕೂ ಒಂದು ಕೈ ಹಾಕಿಬಿಡುವಂತೆ ಕೆಲಸಗಾರರಿಗೆ ಅಪ್ಪಣೆಯಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಆ ಬಣ್ಣ ಹಪ್ಪಳದಂತೆ ಎದ್ದು ಉದುರುವಾಗ ಬೈಗುಳವೆಲ್ಲ ಬಣ್ಣದ ಪಾಲಿಗೆ! ತಪ್ಪು ಬಣ್ಣದ್ದಲ್ಲ, ಗೋಡೆಯ ಗುಣವನ್ನು ವಿಚಾರಿಸದೆ ಬಳಿದವರದು.

ಕಡಿಮೆ ಖರ್ಚಿನಲ್ಲಿ ಷೆಡ್ಡನ್ನು ಚೊಕ್ಕಟಗೊಳಿಸುವ ಬಗೆಯನ್ನು ಕಲಿಯಲು ರಾಮನಗರದ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಅಲ್ಲಿಯ ಕಲ್ಲು ಒಂದು ಪಾಠವನ್ನು ಹೇಳಿಕೊಡುತ್ತದೆ, ರೇಷ್ಮೆ ಇನ್ನೊಂದನ್ನು.

ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಆ ಊರಿನ ಹೆಸರನ್ನೇ ಭೂವಿಜ್ಞಾನಿಗಳು ಅಲ್ಲಿಯ ಬಂಡೆಗೂ ಇಟ್ಟು 'ಕ್ಲೋಸ್‌ಪೇಟ್ ಗ್ರಾನೈಟ್' ಎಂದು ಕರೆದಿದ್ದಾರೆ. ಸೈಜುಗಲ್ಲಿನ ಗೋಡೆ, ಕಲ್ಲಿನ ಕಂಬ, ಚಪ್ಪಡಿಗಳು ಆ ಕಡೆಯ ಕಟ್ಟಡಗಳಿಗೆ ಹೊಸತಲ್ಲ. ಅಂಥ ಗೋಡೆಯುಳ್ಳ ಷೆಡ್ಡಿಗೆ ಬಣ್ಣವೇ ಬೇಡ. ಬಿಟ್ಟುಹೋದ ಸಂದುಗಳನ್ನು ಗಾರೆಯಿಂದ ತುಂಬಿ, ನೀರು ಹಾಕಿ ಉಜ್ಜಿದರೆ ಸಾಕು. ಬಳಿಯಬೇಕಾಗಿಲ್ಲದ ಗೋಡೆಯನ್ನು ಬಳಿಯದೆ ಬಿಡುವುದೇ ಮಿತವ್ಯಯದ ಮೊದಲ ಪಾಠ.

ಎರಡನೆಯ ಪಾಠ ಸುಣ್ಣದ್ದು. ರೇಷ್ಮೆ ಬೆಳೆಗಾರನ ಹುಳುಮನೆಯಲ್ಲಿ ಸುಣ್ಣಕ್ಕೆ ದೊಡ್ಡ ಸ್ಥಾನವಿದೆ. ಒಂದು ಬೆಳೆ ಮುಗಿದು ಇನ್ನೊಂದು ಆರಂಭವಾಗುವ ಮುನ್ನ ನೂರಕ್ಕೆ 2ರ ಪ್ರಮಾಣದ ಬ್ಲೀಚಿಂಗ್ ಪುಡಿ ಮತ್ತು 0.3ರ ಪ್ರಮಾಣದ ಅರಳಿದ ಸುಣ್ಣ ಬೆರೆತ ನೀರಿನಿಂದ ಹುಳುಮನೆಯನ್ನು ಸೋಂಕುರಹಿತವಾಗಿಸುವುದು ರೂಢಿ. ಹುಳುಗಳು ಜ್ವರಕ್ಕೆ ಕುಳಿತಾಗ ಹಾಸಿಗೆಯ ತೇವವನ್ನು ಹೀರಲು ಸುಣ್ಣದ ಪುಡಿಯನ್ನೇ ಉದುರಿಸುತ್ತಾರೆ. ಇಡೀ ಬೆಳೆಯ ಲಾಭನಷ್ಟ ತೂಗಾಡುತ್ತಿರುವ ಜಾಗದಲ್ಲಿ ನಂಬಿಕೆಗೆ ಪಾತ್ರವಾದ ಈ ವಸ್ತು, ಬೂಷ್ಟು ಹಿಡಿದ ಷೆಡ್ಡಿನ ಗೋಡೆಗೂ ಒಳ್ಳೆಯ ಮದ್ದು.

ಒಂದು ಚೊಂಬು ನೀರಿನ ಪರೀಕ್ಷೆ

ಆದರೆ ಸುಣ್ಣ ಎಲ್ಲ ಗೋಡೆಗೂ ಒಗ್ಗುವುದಿಲ್ಲ. ಒಗ್ಗುವುದೇ ಎಂದು ತಿಳಿಯಲು ಒಂದು ಚೊಂಬು ನೀರು ಸಾಕು. ಗೋಡೆಯ ಮೇಲೆ ಎರಚಿದ ನೀರನ್ನು ಗೋಡೆ ಹೀರಿಕೊಂಡರೆ ಸುಣ್ಣ ಅಲ್ಲಿ ಬೇರೂರುತ್ತದೆ; ಹಳೆಯ ಸುಣ್ಣ, ಬರಿಯ ಗಾರೆ, ಬಣ್ಣ ಕಾಣದ ಇಟ್ಟಿಗೆ ಈ ಜಾತಿಗೆ ಸೇರಿದವು. ನೀರು ಹನಿಹನಿಯಾಗಿ ಜಾರಿದರೆ ಅಲ್ಲಿ ಎಣ್ಣೆ ಬಣ್ಣವೋ ಎಮಲ್ಷನ್ನೋ ಇದೆಯೆಂದು ಅರ್ಥ. ಅದರ ಮೇಲೆ ಬಳಿದ ಸುಣ್ಣ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಮೇಲೆ ನೇರವಾಗಿ ಬಳಿದ ಎಮಲ್ಷನ್ನಿನ ಗತಿಯೂ ಹಾಗೆಯೇ. ಹಳೆಯ ಸುಣ್ಣವನ್ನು ಹೆರೆದು ತೆಗೆಯದಿದ್ದರೆ ಅದು ಪದರ ಪದರವಾಗಿ ಬಿಡುತ್ತದೆ.

ಗೋಡೆಯ ಬುಡ ಸದಾ ಒದ್ದೆಯಾಗಿದ್ದರೆ ಮೊದಲು ಕಾರಣವನ್ನು ಹುಡುಕಬೇಕು. ಹೊರಗೆ ಗೋಡೆಗೆ ಒರಗಿಸಿ ಹಾಕಿದ ಮಣ್ಣಿನ ರಾಶಿ, ಸೂರಿನಿಂದ ಸುರಿದು ಸಿಡಿಯುವ ಮಳೆನೀರು, ಇವು ಸಾಮಾನ್ಯ ಅಪರಾಧಿಗಳು. ಮಣ್ಣನ್ನು ಸರಿಸಿ, ಸೂರಿಗೆ ದೋಣಿ ಕಟ್ಟಿಸಿದ ಮೇಲೆಯೇ ಕುಂಚಕ್ಕೆ ಕೈಹಾಕುವುದು ಲೇಸು.

ಸುಣ್ಣ ಹದ ಮಾಡುವ ರೀತಿ

ಲೋಕೋಪಯೋಗಿ ಕೆಲಸಗಳಲ್ಲಿ ಬಳಕೆಯಲ್ಲಿರುವ ಲೆಕ್ಕವೇ ಮನೆಗೂ ಸಾಕು. 1 ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರು ನೀರು. ಅರಳಿಸಿದ ತಿಳಿಯನ್ನು 24 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಪ್ರತಿ 10 ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿದರೆ ಗೋಡೆಗೆ ಒರಗಿದವರ ಬಟ್ಟೆಗೆ ಸುಣ್ಣ ಅಂಟುವುದು ಕಡಿಮೆಯಾಗುತ್ತದೆ. ಬೆಳ್ಳಗೆ ಹೊಳೆಯಲು ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ ಹಾಕಬಹುದು.

ಗೋಡೆಯನ್ನು ನೀರಿನಿಂದ ತೋಯಿಸಿ, ಬಿಸಿಲು ಏರುವ ಮುನ್ನ ತೆಳುವಾಗಿ ಬಳಿಯಬೇಕು. ಹಸಿಯಾಗಿರುವಾಗ ಸುಣ್ಣ ನೀರಿನಂತೆ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಿ ದಪ್ಪಗೆ ಬಳಿದವರ ಗೋಡೆ ಬಿರಿಯುತ್ತದೆ. ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಬಿಳುಪು ಆಗ ತಾನಾಗಿ ಬರುತ್ತದೆ. ಹೊಸ ಗೋಡೆಗೆ ಮೂರು ಕೈ, ಹಿಂದೆ ಸುಣ್ಣ ಕಂಡ ಗೋಡೆಗೆ ಒಂದೆರಡು ಕೈ ಸಾಕು.

ಚಕ್ರದ ಕೆಸರು ಸಿಡಿಯುವ ಕೆಳಗಿನ ಮೂರಡಿಗೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಹಳೆಯ ಜಾಣತನ. ಸುಣ್ಣಕ್ಕೆ ಬೆರೆಸುವ ಬಣ್ಣ ಮಣ್ಣಿನದಾಗಿರಬೇಕು. ತೂಕದಲ್ಲಿ ಸುಣ್ಣದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಚನ್ನಪಟ್ಟಣದ ಬೊಂಬೆಗಳ ಅರಗಿನಲ್ಲಿ ಅರಿಶಿನದಂಥ ಗಿಡಮೂಲದ ಬಣ್ಣಗಳು ಚೆಲುವಾಗಿ ನಿಲ್ಲುತ್ತವೆ. ಆದರೆ ಸುಣ್ಣದೊಡನೆ ಅರಿಶಿನ ಸೇರಿದರೆ ಏನಾಗುವುದೆಂದು ಆರತಿಯ ತಟ್ಟೆಗೆ ಓಕುಳಿ ಕಲಸುವ ಗೃಹಿಣಿಗೆ ಹೇಳಿಕೊಡಬೇಕಾಗಿಲ್ಲ!

ಅಂಗಡಿಗೆ ಹೋಗುವ ಮುನ್ನ

ನೀರಿನ ಪರೀಕ್ಷೆಯಲ್ಲಿ ಸುಣ್ಣ ಒಗ್ಗದೆಂದು ತಿಳಿದವರು ಬಣ್ಣದ ಡಬ್ಬಿಯನ್ನು ಕೊಳ್ಳಲೇಬೇಕು. ಆಗ ಅಳತೆಯ ಪಟ್ಟಿ ಹಣವನ್ನು ಉಳಿಸುತ್ತದೆ. 16 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರದ ಷೆಡ್ಡಿನ ಮೂರು ಗೋಡೆಗಳು ಸೇರಿ 336 ಚದರ ಅಡಿ. ಎರಡು ಕೈಗೆ 672. ಲೀಟರಿಗೆ 100 ಚದರ ಅಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಏಳು ಲೀಟರು ಸಾಕು. ಇಪ್ಪತ್ತು ಲೀಟರಿನ ಡಬ್ಬಿ ಅಗ್ಗವೆಂದು ತಂದರೆ ಹದಿಮೂರು ಲೀಟರು ಮೂಲೆಯಲ್ಲಿ ಕೆನೆಗಟ್ಟುತ್ತದೆ.

ನೆಲಕ್ಕೆ ಬಣ್ಣ ಬಳಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು. ದಾರಿ ಸವೆಸಿ ಬಂದ ಬಿಸಿ ಟೈರು ಕಳಪೆ ಬಣ್ಣವನ್ನು ಕಿತ್ತುಕೊಂಡೇ ಹೊರಡುತ್ತದೆ. ಕಬ್ಬಿಣದ ಕದದಲ್ಲಿ ಮಾತ್ರ ಜಿಪುಣತನ ಸಲ್ಲದು. ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಮೇಲೆ ಎರಡು ಕೈ ಎನಾಮಲ್ ಕೊಡಲೇಬೇಕು.

ಎಚ್ಚರ ತಪ್ಪಬಾರದ ಎರಡು ಕಡೆ

ಉಳಿಸಿದ ಹಣಕ್ಕಿಂತ ಕಣ್ಣು ದೊಡ್ಡದು. ಸುಟ್ಟ ಸುಣ್ಣ ನೀರಿನಲ್ಲಿ ಕುದಿಯುತ್ತದೆ, ಸಿಡಿಯುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಮೊದಲು ನೀರಿಟ್ಟು, ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿಯಕೂಡದು. ಕನ್ನಡಕ, ಕೈಚೀಲ ಧರಿಸಿರಬೇಕು. ಮಕ್ಕಳು ಅತ್ತ ಸುಳಿಯಬಾರದು. ಕಣ್ಣಿಗೆ ಬಿದ್ದರೆ ಉಜ್ಜದೆ, ಆ ಕ್ಷಣದಿಂದಲೇ ಧಾರಾಳವಾಗಿ ನೀರು ಹರಿಸುತ್ತ ತೊಳೆದು, ತಡವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣವನ್ನು ಮನೆಯಲ್ಲಿ ಅರಳಿಸುವ ಧೈರ್ಯವಿಲ್ಲದವರು ಅರಳಿದ ಸುಣ್ಣದ ಪುಡಿಯನ್ನೇ ತರಬಹುದು. ಅದು ಕುದಿಯುವುದಿಲ್ಲ, ಆದರೆ ಕಣ್ಣಿಗೆ ಅದೂ ಶತ್ರುವೇ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ 2016ರ ಕೇಂದ್ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಬಳಿದ ಎಣ್ಣೆ ಬಣ್ಣದಲ್ಲಿ ಸೀಸ ಹೆಚ್ಚಾಗಿರಬಹುದು. ಅದರ ಧೂಳು ಎಳೆಯ ಮಕ್ಕಳ ಮಿದುಳಿಗೆ ಕೇಡು. ಅಂಥ ಕದವನ್ನು ಒಣಗಿದಂತೆಯೇ ಉಜ್ಜದೆ, ನೀರು ಚಿಮುಕಿಸಿ ಮರಳುಕಾಗದದಿಂದ ಮೆಲ್ಲನೆ ತಿಕ್ಕಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮೇಲ್ಛಾವಣಿ ಆಸ್‌ಬೆಸ್ಟಾಸಿನದಾದರೆ ಅದನ್ನು ಕೆರೆಯುವ ಕೆಲಸಕ್ಕೆ ಕೈ ಹಾಕಲೇಬಾರದು.

ಕೆಲಸವೆಲ್ಲ ಮುಗಿದ ಮೇಲೆ ಒಂದು ಕಾರ್ಯ ಉಳಿಯುತ್ತದೆ. ಕದದ ಒಳಬದಿಯ ಮೂಲೆಯಲ್ಲಿ, ಬಳಿದದ್ದು ಸುಣ್ಣವೋ ಡಿಸ್ಟೆಂಪರೋ ಎಮಲ್ಷನ್ನೋ, ಯಾವ ತಿಂಗಳು, ಯಾವ ವರ್ಷ ಎಂದು ಸಣ್ಣ ಅಕ್ಷರದಲ್ಲಿ ಬರೆದಿಡಬೇಕು. ನಾಲ್ಕು ವರ್ಷಗಳ ಅನಂತರ ಮತ್ತೆ ಕುಂಚ ಹಿಡಿಯುವವರು, ಆ ಮನೆಯ ಮಗನೋ ಸೊಸೆಯೋ ಯಾರಾದರಾಗಲಿ, ಆ ಒಂದು ಸಾಲನ್ನು ಓದಿ ಸರಿಯಾದ ಡಬ್ಬಿಯನ್ನೇ ತರುತ್ತಾರೆ.