ಎಣಿಸಿದವರು ಯಾರು?

ನಮ್ಮದು ಹುಣಸೂರು ತಾಲ್ಲೂಕಿನ ಒಂದು ಸಣ್ಣ ಊರು. ಸುತ್ತಲೂ ಹೊಗೆಸೊಪ್ಪು, ರಾಗಿ ಬೆಳೆಯುವ ಹೊಲಗಳು. ನಾನು ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಪತ್ರಿಕೋದ್ಯಮ ನನ್ನ ಒಂದು ವಿಷಯ.

ಕಳೆದ ಫೆಬ್ರುವರಿಯಲ್ಲಿ ನಮ್ಮ ಮೇಡಂ ತರಗತಿಯಲ್ಲಿ ಹೇಳಿದರು: "ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಪತ್ರಿಕಾ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿ. ಅರ್ಜಿ ನೀವೇ ಬರೆಯಬೇಕು. ಜೊತೆಗೆ ನೀವೇ ಬರೆದ ಒಂದು ವರದಿ ಇರಲಿ."

ಇಂಟರ್ನ್‌ಶಿಪ್ ಎಂದರೆ ಕೆಲಸ ನಡೆಯುವ ಜಾಗದಲ್ಲೇ ಇದ್ದು ಕೆಲಸ ಕಲಿಯುವುದು. ಮನೆಗೆ ಬಂದು ಹೇಳಿದಾಗ ಅಜ್ಜಿ ಕೇಳಿದರು, "ಅಂದ್ರೆ ಗ್ಯಾರೇಜಿಗೆ ಹುಡುಗರು ಸೇರ್ಕೊಳ್ತಾರಲ್ಲ, ಹಂಗಾ?" ನಾನು ನಕ್ಕುಬಿಟ್ಟೆ. ಆದರೆ ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು.

ಆ ರಾತ್ರಿಯೇ ಅರ್ಜಿ ಬರೆದೆ. "ನಾನು ಬಾಲ್ಯದಿಂದಲೂ ಪತ್ರಿಕೋದ್ಯಮದ ಬಗ್ಗೆ ಅಪಾರ ಆಸಕ್ತಿ ಹೊಂದಿದ್ದೇನೆ" ಎಂದು ಶುರು ಮಾಡಿದೆ. ಜೊತೆಗೆ ನಮ್ಮೂರ ಬಸ್ಸಿನ ಮೇಲೆ ಒಂದು ವರದಿ: "ಬೆಳಗಿನ ಬಸ್ಸು ಎಂದೂ ಸಮಯಕ್ಕೆ ಬರುವುದಿಲ್ಲ. ನೂರಾರು ಮಕ್ಕಳು ಪ್ರತಿದಿನ ಪಾಠ ಕಳೆದುಕೊಳ್ಳುತ್ತಿದ್ದಾರೆ."

ಬೆಳಿಗ್ಗೆ ತಾತನ ಕೈಗೆ ಕೊಟ್ಟೆ. ತಾತ ದಿನವೂ ಪೇಪರ್ ಓದುವವರು. ಅಜ್ಜಿಗೆ ಓದಲು ಬರುವುದಿಲ್ಲ. ತಾತ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕನ್ನಡಕ ಏರಿಸಿಕೊಂಡು ನನ್ನ ವರದಿಯನ್ನೂ ಹಾಗೆಯೇ ಗಟ್ಟಿಯಾಗಿ ಓದಿದರು. ಆಮೇಲೆ ಕೇಳಿದರು:

"ನೂರಾರು ಮಕ್ಕಳು ನಮ್ಮೂರಲ್ಲಿ ಎಲ್ಲವ್ವಾ ಇದ್ದಾರೆ? ಎಣಿಸಿದವರು ಯಾರು?"

"ಎಲ್ಲರೂ ಹಂಗೇ ಹೇಳ್ತಾರಲ್ಲ ತಾತ."

"ಎಲ್ಲರೂ ಹೇಳೋದನ್ನ ಬರೆಯೋಕೆ ನೀನ್ಯಾಕೆ ಬೇಕು?"

ನನಗೆ ಸಿಟ್ಟೇ ಬಂತು. ಆಗ ತಾತ ನನಗೆ ಎಂದೂ ಹೇಳದ ಒಂದು ಕಥೆ ಹೇಳಿದರು.

1972ರಲ್ಲಿ ತಾತ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದರು. ಆಗ ಫಲಿತಾಂಶ ನೋಡಲು ಮೊಬೈಲ್ ಇರಲಿಲ್ಲ. ಪಾಸಾದವರ ನೋಂದಣಿ ಸಂಖ್ಯೆಗಳು ಪೇಪರಿನಲ್ಲಿ ಸಾಲುಸಾಲಾಗಿ ಅಚ್ಚಾಗುತ್ತಿದ್ದವು. ಹುಣಸೂರು ಬಸ್ ನಿಲ್ದಾಣದಲ್ಲಿ ಒಂದು ಪೇಪರಿಗೆ ಹತ್ತು ಹುಡುಗರು ಮುತ್ತಿಕೊಂಡಿದ್ದರಂತೆ. ತಾತನ ಸಂಖ್ಯೆ ಅದರಲ್ಲಿ ಇರಲಿಲ್ಲ.

"ನಮ್ಮಪ್ಪ ಏನೂ ಬೈಲಿಲ್ಲ. ನಾಳೆಯಿಂದ ಹೊಲಕ್ಕೆ ಬಾ ಅಂದ್ರು, ಅಷ್ಟೇ. ಎರಡು ದಿನ ಸಸಿ ನೆಟ್ಟೆ. ಯಾರ ಮುಖಾನೂ ನೋಡಲಿಲ್ಲ."

ಮೂರನೆಯ ದಿನ ಶಾಲೆಯ ಮೇಷ್ಟ್ರು ಸೈಕಲ್ಲಿನಲ್ಲಿ ಹೊಲಕ್ಕೇ ಬಂದರು. ಶಾಲೆಗೆ ಬಂದ ಪಟ್ಟಿಯಲ್ಲಿ ತಾತ ಪಾಸು! ಪೇಪರಿನಲ್ಲಿ ೬ ಇರಬೇಕಾದ ಕಡೆ ೯ ಬಿದ್ದಿತ್ತು. ಆಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುತ್ತಿದ್ದರು. ಒಂದು ಮೊಳೆ ತಪ್ಪಿತ್ತು, ಕರಡು ತಿದ್ದುವವರ ಕಣ್ಣೂ ತಪ್ಪಿತ್ತು.

"ಅವರಿಗೆ ಅದು ಒಂದು ಅಂಕಿ ಕಣವ್ವಾ. ನಾನು ಮಾತ್ರ ಎರಡು ದಿನ ಫೇಲಾಗಿದ್ದೆ," ಎಂದರು ತಾತ.

ಅಜ್ಜಿ ಒಲೆಯ ಮುಂದಿನಿಂದಲೇ ಹೇಳಿದರು, "ಪೇಪರಲ್ಲಿ ಬಂದದ್ದೆಲ್ಲ ನಿಜ ಅಂತ ನಂಬ್ಕೊಂಡು ಕೂತಿರ್ತೀನಿ ನಾನು. ನೋಡ್ಕೊಂಡು ಬರಿ."

ಮುಂದಿನ ಸೋಮವಾರದಿಂದ ಶನಿವಾರದವರೆಗೆ ನಾನೂ ತಾತನೂ ಬಸ್ ಸ್ಟಾಪಿನ ಅರಳಿಕಟ್ಟೆಯ ಮೇಲೆ ಕುಳಿತೆವು. ಒಂದು ನೋಟ್‌ಬುಕ್, ಒಂದು ಪೆನ್, ತಾತನ ಕೈಗಡಿಯಾರ. ಬಸ್ಸಿನ ಸಮಯ 8.15. ಆರು ದಿನಗಳಲ್ಲಿ ನಾಲ್ಕು ದಿನ ಬಸ್ಸು ಐದು ನಿಮಿಷದೊಳಗೆ ಬಂತು. ಬುಧವಾರ 25 ನಿಮಿಷ ತಡ. ಶುಕ್ರವಾರ ಬರಲೇ ಇಲ್ಲ. ಕಾಯುತ್ತಿದ್ದ ಶಾಲಾ ಮಕ್ಕಳು 17. ಆ ಎರಡು ದಿನ ಅವರಿಗೆ ಮೊದಲ ಪೀರಿಯಡ್ ತಪ್ಪಿತು. ಬುಧವಾರ ಯಾಕೆ ತಡ ಎಂದು ಕಂಡಕ್ಟರ್ ಅಣ್ಣನನ್ನು ಕೇಳಿದೆ. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿತ್ತಂತೆ.

"ಎಂದೂ" ಎಂಬುದು ಆರರಲ್ಲಿ ಎರಡು ದಿನವಾಯಿತು. "ನೂರಾರು" ಹದಿನೇಳಾಯಿತು. ವರದಿ ಸಪ್ಪೆಯಾಯಿತೇನೋ ಎಂದು ಮೊದಲು ಬೇಸರವಾಯಿತು. ಆದರೆ ಓದಿ ನೋಡಿದಾಗ ಅನ್ನಿಸಿತು: ನೂರಾರು ಎಂದಾಗ ಯಾರ ಮುಖವೂ ಕಾಣುತ್ತಿರಲಿಲ್ಲ. ಹದಿನೇಳು ಎಂದಾಗ ಎಲ್ಲರ ಮುಖವೂ ಕಂಡಿತು.

ಅರ್ಜಿಯನ್ನೂ ಮೇಡಂ ತಿದ್ದಿಸಿದರು. ಮುಂದೆ ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು, ಆದ್ದರಿಂದ ಹೇಳುತ್ತೇನೆ. ಅರ್ಜಿ ಒಂದೇ ಪುಟ ಸಾಕು. "ಸಂಪಾದಕರಿಗೆ" ಎಂದು ಬರೆದು ಪತ್ರಿಕೆಯ ಹೆಸರು, ವಿಳಾಸ ತಪ್ಪಿಲ್ಲದೆ ಬರೆಯಬೇಕು. ಹೆಸರೇ ತಪ್ಪಾದರೆ ಮುಂದೆ ಓದುವವರು ಯಾರು? ಯಾವ ತರಗತಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲೆ, ಯಾವ ಭಾಷೆಗಳು ಗೊತ್ತು, ಕನ್ನಡ ಟೈಪಿಂಗ್ ಬರುತ್ತದೆಯೇ ಎಂದು ತಿಳಿಸಬೇಕು. ಕಾಲೇಜಿನ ಪತ್ರ ಮತ್ತು ಬರೆದ ಒಂದೆರಡು ವರದಿ ಜೊತೆಗಿರಬೇಕು. ಹಲವು ಕಡೆ ಸಂಬಳ ಇರುವುದಿಲ್ಲ. ಬಸ್ ಚಾರ್ಜು, ಊಟದ ಖರ್ಚು ಲೆಕ್ಕ ಹಾಕಿ ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದಿನಾ ಹೋಗಿ ಬರಬಹುದು ಎಂದು ಅಪ್ಪ ಒಪ್ಪಿದರು.

ಮೈಸೂರಿಗೂ ಪತ್ರಿಕೆಗಳಿಗೂ ಹಳೆಯ ನಂಟು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದರು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಆ ನೆನಪಿಗೆ ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ. ಮೈಸೂರಿನಲ್ಲಿ 'ಸಾಧ್ವಿ', 'ವೃತ್ತಾಂತ ಚಿಂತಾಮಣಿ' ಪತ್ರಿಕೆಗಳನ್ನು ನಡೆಸಿದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದರು. ಜನ ಅವರನ್ನು ಪ್ರೀತಿಯಿಂದ 'ತಾತಯ್ಯ' ಎನ್ನುತ್ತಿದ್ದರು. ಅದನ್ನು ಕೇಳಿ ನಮ್ಮ ತಾತನಿಗೆ ಬಹಳ ಖುಷಿ. "ನೋಡು, ಪೇಪರ್ ಕೆಲಸ ಹೇಳಿಕೊಡೋಕೆ ತಾತಂದಿರೇ ಬೇಕು" ಎಂದು ಮೀಸೆ ತಿರುವಿದರು. 1970ರಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಕೂಡ ಮೈಸೂರಿನದೇ.

ಅರ್ಜಿ ಕಳಿಸಿ ಹನ್ನೆರಡನೆಯ ದಿನಕ್ಕೆ ಒಂದು ಕಚೇರಿಯಿಂದ ಫೋನ್ ಬಂತು. ಕೈ ನಡುಗುತ್ತಿತ್ತು. ಆ ಕಡೆಯವರು ನನ್ನ ಆಸಕ್ತಿಯ ಬಗ್ಗೆ ಏನೂ ಕೇಳಲಿಲ್ಲ.

"ಬಸ್ಸಿನ ಲೆಕ್ಕ ನೀವೇ ಹಾಕಿದ್ದಾ?"

"ಹೌದು ಸಾರ್, ನಾನೂ ನಮ್ಮ ತಾತನೂ."

"ಶುಕ್ರವಾರ ಬಸ್ಸು ಯಾಕೆ ಬರಲಿಲ್ಲ? ಡಿಪೊದವರನ್ನ ಕೇಳಿದ್ರಾ?"

ನನ್ನ ನಾಲಿಗೆ ಒಣಗಿತು. ಏನಾದರೂ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಎದುರಿಗೆ ತಾತ ಕುಳಿತಿದ್ದರು.

"ಇಲ್ಲ ಸಾರ್, ಕೇಳಲಿಲ್ಲ."

"ಕೇಳಬೇಕಿತ್ತು. ಯಾರ ಮೇಲೆ ದೂರು ಬರೀತೀವೋ ಅವರ ಮಾತೂ ವರದಿಯಲ್ಲಿ ಇರಬೇಕು. ಏಪ್ರಿಲ್ ಒಂದನೇ ತಾರೀಖು ಬನ್ನಿ. ಬರುವಾಗ ಅದನ್ನ ಕೇಳ್ಕೊಂಡು ಬನ್ನಿ."

ಫೋನ್ ಇಟ್ಟ ಮೇಲೂ ನನಗೆ ಅರ್ಥವಾಗಿರಲಿಲ್ಲ. ಸೀಟು ಸಿಕ್ಕಿತು ಎಂದು ತಾತನೇ ಹೇಳಬೇಕಾಯಿತು. ಅಜ್ಜಿ ಬೆಲ್ಲದ ಡಬ್ಬ ತೆಗೆದರು. "ಏಪ್ರಿಲ್ ಒಂದು ಅಂತೀಯ, ಫೂಲ್ ಮಾಡ್ತಿಲ್ಲ ತಾನೆ?" ಎಂದು ತಮ್ಮ ರೇಗಿಸಿದ.

ಮರುದಿನ ಡಿಪೊಗೆ ಹೋದೆ. ಶುಕ್ರವಾರ ಚಾಲಕರಿಗೆ ಜ್ವರ, ಬದಲಿ ಚಾಲಕರು ಸಿಕ್ಕಿರಲಿಲ್ಲ ಎಂದರು. ಅದನ್ನೂ ವರದಿಗೆ ಸೇರಿಸಿದೆ.

ಮಕ್ಕಳೇ, ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ: ಈ ಆರು ಪ್ರಶ್ನೆಗಳನ್ನು ಪತ್ರಿಕೆಯವರು ಪ್ರತಿ ಸುದ್ದಿಗೂ ಕೇಳುತ್ತಾರೆ. ನೀವೂ ಈ ಭಾನುವಾರ ನಿಮ್ಮ ಬೀದಿಯ ಒಂದು ಸುದ್ದಿ ಬರೆದು ನೋಡಿ. ಬೀದಿ ದೀಪ ಎಷ್ಟು ದಿನ ಉರಿಯಿತು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂತು, ಯಾವುದಾದರೂ ಸರಿ. ಬರೆದದ್ದನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ತಾತ ಅಜ್ಜಿಯರೇ, ನೀವು ಒಂದೇ ಪ್ರಶ್ನೆ ಕೇಳಿದರೆ ಸಾಕು: "ಎಣಿಸಿದವರು ಯಾರು?"