ಜ್ವರೋತ್ತರ ಸ್ಮೃತಿಮಾಂದ್ಯ: ಮರೆವೋ ಅನವಧಾನವೋ?

ಕೋವಿಡ್ ಜ್ವರವು ಬಿಟ್ಟುಹೋದ ಮೇಲೆಯೂ ಕೆಲವರಲ್ಲಿ ತಿಂಗಳುಗಟ್ಟಲೆ ನಿಲ್ಲುವ ಚಿತ್ತಜಾಡ್ಯವನ್ನು ಜನರು ‘ಮರೆವು’ ಎಂದೂ, ಪತ್ರಿಕೆಗಳವರು ‘ಮಿದುಳಿನ ಮಂಜು’ ಎಂದೂ ವ್ಯವಹರಿಸುತ್ತಿರುವರು. ಎರಡನೆಯದು ಉಪಮಾನವೇ ಹೊರತು ಲಕ್ಷಣವಲ್ಲ. ಮೊದಲನೆಯದಾದರೋ ಅತಿವ್ಯಾಪ್ತಿದೋಷಕ್ಕೆ ಗುರಿಯಾದುದು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೧ನೆಯ ಅಕ್ಟೋಬರಿನಲ್ಲಿ ಮಾಡಿದ ನಿರ್ವಚನದಂತೆ, ಸೋಂಕು ತಗುಲಿ ಸಾಮಾನ್ಯವಾಗಿ ೩ ತಿಂಗಳಾದ ಮೇಲೂ ಇದ್ದು, ಕನಿಷ್ಠಪಕ್ಷ ೨ ತಿಂಗಳು ನಿಂತು, ಬೇರೊಂದು ರೋಗದಿಂದ ವಿವರಿಸಲಾಗದ ಲಕ್ಷಣಗಳು ಈ ವರ್ಗಕ್ಕೆ ಸೇರತಕ್ಕುವು. ಆಯಾಸ, ಉಸಿರಾಟದ ಕಷ್ಟ, ಬುದ್ಧಿವ್ಯಾಪಾರದ ಕುಂದು ಇವು ಅವುಗಳಲ್ಲಿ ಮುಖ್ಯವಾದುವು.

ನಮ್ಮ ತಾರ್ಕಿಕರ ಪ್ರಕ್ರಿಯೆಯು ಇಲ್ಲಿ ಉಪಕಾರಕವಾಗುವುದು. ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂಬುದು ಅನ್ನಂಭಟ್ಟನ ತರ್ಕಸಂಗ್ರಹದ ಅಭಿಪ್ರಾಯ. ಅನುಭವದಿಂದ ಸಂಸ್ಕಾರವು ಹುಟ್ಟುವುದು. ಉದ್ಬೋಧಕವು ಒದಗಿದಾಗ ಆ ಸಂಸ್ಕಾರವು ಎಚ್ಚತ್ತು ಸ್ಮರಣೆಯಾಗುವುದು. ಅನುಭವಕ್ಕೆ ಮನಸ್ಸಿನ ಸಂಯೋಗವು ಬೇಕು. ಮನಸ್ಸಾದರೋ ಅಣುವಾದುದರಿಂದ ಏಕಕಾಲದಲ್ಲಿ ಎರಡು ಕಡೆ ನಿಲ್ಲಲಾರದು. ಆದುದರಿಂದ ‘ನೆನಪಿಲ್ಲ’ ಎಂಬ ಒಂದೇ ಫಲಕ್ಕೆ ಮೂರು ಕಾರಣಗಳಿರಬಹುದು: ಗ್ರಹಣವೇ ಆಗದಿರುವುದು, ಆದುದು ನಿಲ್ಲದಿರುವುದು, ನಿಂತುದು ಎಚ್ಚರದಿರುವುದು.

ಹರ್ಪಿಸ್ ವೈರಾಣುವಿನಿಂದ ಮಿದುಳಿಗೆ ಉರಿಯೂತವಾದಾಗ, ಸಂಸ್ಕಾರವನ್ನು ನಿಲ್ಲಿಸತಕ್ಕ ಹಿಪ್ಪೊಕ್ಯಾಂಪಸ್ ಮೊದಲಾದ ಭಾಗಗಳೇ ನಾಶವಾಗಿ, ರೋಗಿಯು ಆಗತಾನೆ ಕೇಳಿದುದನ್ನೂ ಉಳಿಸಿಕೊಳ್ಳದೆ ಹೋಗುವುದುಂಟು. ಇದು ಧಾರಣದ ಹಾನಿ. ಕೋವಿಡ್ಡಿನ ರೀತಿ ಬೇರೆ. ೨೦೨೨ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಸೌಮ್ಯವಾದ ಸೋಂಕಿನಿಂದ ಗುಣಹೊಂದಿದವರು ಮೊದಲ ಕೆಲವು ನಿಮಿಷಗಳಲ್ಲಿ ಇತರರಂತೆಯೇ ಇದ್ದು, ಹೊತ್ತು ಕಳೆದಂತೆ ಅವಧಾನವನ್ನು ಬೇಗಬೇಗನೆ ಕಳೆದುಕೊಂಡರು. ನೋಡಿದ ಚಿತ್ರಗಳ ನೆನಪೂ ಅವರಲ್ಲಿ ಕುಂದಿತ್ತು. ಆರರಿಂದ ಒಂಬತ್ತು ತಿಂಗಳಲ್ಲಿ ಇವು ಬಹುಮಟ್ಟಿಗೆ ಸರಿಹೋದುವು. ಅಷ್ಟಾವಧಾನವನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಅಪ್ರಸ್ತುತಪ್ರಸಂಗದ ಪೃಚ್ಛಕನು ಅಡ್ಡಮಾತಾಡಿ ಅವಧಾನಿಯ ಮನಸ್ಸನ್ನು ಸೆಳೆಯಲೆಳಸುವನು. ಅದನ್ನು ಗೆದ್ದವನಿಗೇ ಕಡೆಯ ಧಾರಣವು ಸಿದ್ಧಿಸುವುದು. ಈ ರೋಗಿಗಾದರೋ ಬಾಗಿಲ ಸದ್ದೂ ಪಕ್ಕದವನ ಕೆಮ್ಮೂ ಅಪ್ರಸ್ತುತಪ್ರಸಂಗಗಳೇ.

ಹಾನಿಯ ಪ್ರಮಾಣವನ್ನೂ ಅಳೆದಿರುವರು. ೨೦೨೪ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಒಂದು ಲಕ್ಷಕ್ಕೂ ಮೀರಿದ ಜನರ ಪರೀಕ್ಷೆಯಲ್ಲಿ, ಸೋಂಕು ತಗುಲದವರಿಗಿಂತ ಗುಣಹೊಂದಿದವರು ಬುದ್ಧಿಮಾಪನದ ಸುಮಾರು ೩ ಅಂಕಗಳಷ್ಟೂ, ಲಕ್ಷಣಗಳು ಇನ್ನೂ ನಿಂತಿದ್ದವರು ಸುಮಾರು ೬ ಅಂಕಗಳಷ್ಟೂ ಸರಾಸರಿಯಲ್ಲಿ ಹಿಂದುಳಿದಿದ್ದರು. ಒಬ್ಬೊಬ್ಬನಲ್ಲಿ ಇದು ಅಲ್ಪವೇ. ಆದರೆ ಪಾಠದಿಂದ ಜೀವಿಸುವವನಿಗೆ ಅಲ್ಪವಲ್ಲ.

ಅಧ್ಯಾಪಕರು ಗಮನಿಸಬೇಕಾದುದು ಇಲ್ಲಿಯೇ. ಮೊದಲ ಶ್ಲೋಕವನ್ನು ಚೆನ್ನಾಗಿ ಒಪ್ಪಿಸಿ ಹತ್ತನೆಯದರಲ್ಲಿ ತಡವರಿಸುವ ವಿದ್ಯಾರ್ಥಿಯನ್ನು, ಮೊದಲು ಬಂದುದನ್ನೇ ಸಾಕ್ಷಿಯಾಗಿ ಹಿಡಿದು, ಸೋಮಾರಿಯೆಂದು ನಿರ್ಣಯಿಸುವುದು ಅನ್ಯಾಯ. ಈ ವ್ಯಾಧಿಯ ಸ್ವರೂಪವೇ ಅಂಥದು. ಇಂಥವನಿಗೆ ಆವೃತ್ತಿಯನ್ನು ಹೆಚ್ಚಿಸುವುದಕ್ಕಿಂತ ಪಾಠವನ್ನು ತುಂಡುಮಾಡಿ ನಡುನಡುವೆ ವಿಶ್ರಾಂತಿ ಕೊಡುವುದು ಯುಕ್ತ. ಶ್ರಮದಿಂದ ಲಕ್ಷಣಗಳು ಉಲ್ಬಣಿಸುವವರಿಗೆ ಈಗಿನ ವೈದ್ಯರು ಕೆಲಸವನ್ನು ಮಿತಗೊಳಿಸೆನ್ನುವರು. ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿಯೂ ಜ್ವರಮುಕ್ತನು ಬಲ ಬರುವವರೆಗೆ ವ್ಯಾಯಾಮಾದಿಗಳನ್ನು ಬಿಡಬೇಕೆಂದಿದೆ. ಅಲ್ಲಿ ಹೇಳಿರುವುದು ದೇಹಶ್ರಮವನ್ನು. ಅದನ್ನು ಅಧ್ಯಯನಶ್ರಮಕ್ಕೂ ಹಬ್ಬಿಸಿದುದು ನನ್ನ ಊಹೆ, ಚರಕನ ಮಾತಲ್ಲ.